ಜಾತ್ರೆಯ ಕೊಳಲನ್ನು ಎಸೆಯಬೇಡಿ

ಅಗ್ಗದ ಕೊಳಲು ಕೊಂಡ ಹಲವರು ಎರಡು ದಿನ ಊದಿ, ‘ಇದರಲ್ಲಿ ಸ್ವರವೇ ಇಲ್ಲ’ ಎಂದು ಮೂಲೆಗೆ ಎಸೆಯುತ್ತಾರೆ. ಆ ದೂರು ಅರ್ಧ ನಿಜ. ಉಳಿದ ಅರ್ಧವನ್ನು ಪರೀಕ್ಷಿಸದೆ ಕೊಳಲಿಗೆ ಶಿಕ್ಷೆ ಕೊಡುವುದು ಸರಿಯಲ್ಲ ಎಂಬುದು ನನ್ನ ವಾದ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಜಾತ್ರೆಗಳಲ್ಲಿ ಬೆಂಡು-ಬತ್ತಾಸಿನ ಅಂಗಡಿಗಳ ನಡುವೆ ಕೊಳಲು ಮಾರುವವರನ್ನು ನೀವೂ ನೋಡಿರುತ್ತೀರಿ. ಅಡ್ಡ ಹಿಡಿದು ಊದುವುದು ಒಂದು ಬಗೆ, ಪೀಪಿಯಂತೆ ನೇರ ಬಾಯಿಗಿಟ್ಟು ಊದುವುದು ಇನ್ನೊಂದು. ನಾನು ತಂದದ್ದು ಎರಡನೆಯದು, ಬೆಲೆ 60 ರೂಪಾಯಿ. ಅದರ ಬಾಯಿಗೆ ಒಂದು ಬೆಣೆ ಇರುತ್ತದೆ. ಬೆಣೆಯ ಮೇಲಿನ ಸಂದಿನಿಂದ ಹೋದ ಉಸಿರು ಕಿಂಡಿಯ ಚೂಪು ಅಂಚಿಗೆ ಬಡಿದು ನಾದ ಹುಟ್ಟುತ್ತದೆ. ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ 1843ರಲ್ಲಿ ತಗಡಿನಿಂದ ಮಾಡತೊಡಗಿದ ‘ಟಿನ್ ವಿಷಲ್’ ಕೂಡ ಇದೇ ತತ್ವದ, ಆರು ರಂಧ್ರಗಳ ಅಗ್ಗದ ವಾದ್ಯ. ಐರ್ಲೆಂಡಿನ ಜನಪದ ಸಂಗೀತದಲ್ಲಿ ಇಂದು ಅದಕ್ಕೆ ದೊಡ್ಡ ಸ್ಥಾನವಿದೆ.

ಮೊಬೈಲಿನಲ್ಲಿ ಉಚಿತ ಟ್ಯೂನರ್ ಆ್ಯಪ್ ಹಾಕಿಕೊಂಡು ನನ್ನ ಕೊಳಲನ್ನು ಒಂದು ವಾರ ಪರೀಕ್ಷಿಸಿದೆ. ಆರೂ ರಂಧ್ರ ಮುಚ್ಚಿದಾಗ ಬರುವ ಕೆಳಗಿನ ಪಂಚಮ ಬಹಳ ಸೂಕ್ಷ್ಮ. ಉಸಿರು ತುಸು ಜೋರಾದರೂ ಮೇಲಿನ ಸಪ್ತಕಕ್ಕೆ ಜಿಗಿಯುತ್ತದೆ. ಮೇಲಿನ ಸ್ವರಗಳಿಗೆ ಉಸಿರು ಕಡಿಮೆಯಾದರೆ ಶ್ರುತಿ ಇಳಿಯುತ್ತದೆ, ಹೆಚ್ಚಾದರೆ ಏರುತ್ತದೆ. ಸ್ವಲ್ಪ ಹೊತ್ತು ಊದಿದರೆ ಸಂದಿನಲ್ಲಿ ತೇವ ನಿಂತು ದನಿ ಗೊಗ್ಗರಾಗುತ್ತದೆ, ಕೊಡವಿದರೆ ತಿಳಿಯಾಗುತ್ತದೆ. ಇವು ದೋಷಗಳಲ್ಲ, ವಾದ್ಯದ ಸ್ವಭಾವ. ಅಭ್ಯಾಸದಿಂದ ಕೈಗೆ ಬರುತ್ತವೆ.

ನಿಜವಾದ ದೋಷಗಳೂ ಇದ್ದವು. ಬಿದಿರಿನ ಒಳ ಅಳತೆ ಕೋಲಿನಿಂದ ಕೋಲಿಗೆ ಬೇರೆ. ಎಲ್ಲಕ್ಕೂ ಒಂದೇ ಅಳತೆಯಲ್ಲಿ ಕಾದ ಸಲಾಕೆಯಿಂದ ರಂಧ್ರ ಸುಟ್ಟರೆ ಎಲ್ಲವೂ ಒಂದೇ ಸ್ವರ ನುಡಿಯುವುದಿಲ್ಲ. ನನ್ನದರಲ್ಲಿ ಗಾಂಧಾರ ಇಳಿದಿತ್ತು. ಅದು ಹೊರಡುವ ರಂಧ್ರವನ್ನು ಗುಂಡನೆಯ ಅರದಿಂದ ತುಸು ಹಿಗ್ಗಿಸಿದೆ, ಸ್ವರ ಏರಿತು. ರಿಷಭ ಏರಿತ್ತು. ಅದರ ರಂಧ್ರದ ಅಂಚಿಗೆ ಮೇಣ ಹಚ್ಚಿದೆ, ಇಳಿಯಿತು. ನಮ್ಮ ಬಿಸಿಲಿಗೂ ಇದರಲ್ಲಿ ಪಾಲಿದೆ. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ 355. ಕೊಳಲಿನೊಳಗಿನ ಗಾಳಿ ಅಷ್ಟು ಕಾದರೆ ಶ್ರುತಿ ಶೇ 3ಕ್ಕಿಂತ ಹೆಚ್ಚು ಏರುತ್ತದೆ. ಅಂಕಕ್ಕಾಗಿ ಬಾಯಿಪಾಠ ಮಾಡಿದ್ದ ಫಿಸಿಕ್ಸ್ ಸೂತ್ರ ಹೀಗೆ ಕಿವಿಗೆ ಕೇಳಿಸಿತು.

ಎಲ್ಲವೂ ಸರಿಹೋಗಲಿಲ್ಲ. ಮೂಲ ಶ್ರುತಿಯೇ ಹಾರ್ಮೋನಿಯಂನ ಎರಡು ಸ್ವರಗಳ ನಡುವೆ ಬಿದ್ದಿದೆ. ಹೀಗಾಗಿ ಭಜನೆಯಲ್ಲಿ ಇದು ಕೂಡುವುದಿಲ್ಲ, ಗುರುಗಳ ಮುಂದೆ ಕೂರಲು ಶ್ರುತಿ ಮಾಡಿದ ಕೊಳಲೇ ಬೇಕು. ಆದರೆ ಮಗ್ಗದ ದುಡಿಮೆಯಲ್ಲಿ ಕಾಲೇಜು ಫೀ ಕಟ್ಟುವ ಮನೆಯಲ್ಲಿ ಸಾವಿರಾರು ರೂಪಾಯಿಯ ಕೊಳಲು ಕೇಳುವ ಮುನ್ನ, ಅದು ಯಾಕೆ ಬೇಕೆಂದು ಹೇಳಲು ಬರಬೇಕು. ಈಗ ನನಗೆ ಬರುತ್ತದೆ.

‘ಒಳ್ಳೆಯ ಲ್ಯಾಪ್‌ಟಾಪ್ ಬರಲಿ, ಕೋಡಿಂಗ್ ಶುರು ಮಾಡುತ್ತೇನೆ’, ‘ಧಾರವಾಡದಲ್ಲಿ ಕೋಚಿಂಗ್ ಸಿಗಲಿ, ಓದುತ್ತೇನೆ’ ಎನ್ನುವ ಗೆಳೆಯರಿಗೆ ಇದನ್ನೇ ಹೇಳಬೇಕೆನಿಸುತ್ತದೆ. ಸೌಲಭ್ಯ ಬೇಡವೆಂದಲ್ಲ. ಬಡತನವನ್ನು ಹೊಗಳುವವನೂ ನಾನಲ್ಲ. ಕೈಯಲ್ಲಿರುವುದನ್ನು ಅದರ ಕೊನೆಯ ಮಿತಿಯವರೆಗೆ ಬಳಸಿದವನಿಗೆ ಮಾತ್ರ ಮುಂದೇನು ಬೇಕೆಂದು ಖಚಿತವಾಗಿ ಗೊತ್ತಿರುತ್ತದೆ. ಪನ್ನಾಲಾಲ್ ಘೋಷ್ (1911–1960) ಸಣ್ಣ ಕೊಳಲಿನ ಮಿತಿ ಅರಿತೇ ಉದ್ದನೆಯ ಕೊಳಲು ರೂಪಿಸಿ, ಅದನ್ನು ಹಿಂದೂಸ್ತಾನಿ ಕಛೇರಿಯ ವೇದಿಕೆಗೆ ತಂದರು.

ಮುಂದಿನ ಜಾತ್ರೆಯಲ್ಲಿ ಕೊಳಲು ಕೊಳ್ಳುವವರಿಗೆ ಒಂದು ಮಾತು. ಬಣ್ಣದ ದಾರ ನೋಡಿ ಆರಿಸಬೇಡಿ. ಆರೂ ರಂಧ್ರ ಮುಚ್ಚಿ ಮೆತ್ತಗೆ ಊದಿ. ಕೆಳಗಿನ ಸ್ವರ ಒಡೆಯದೆ ನಿಂತರೆ ಕೊಳ್ಳಿ. ಉಳಿದದ್ದನ್ನು ಅರ, ಮೇಣ ಮತ್ತು ದಿನಕ್ಕೆ ಅರ್ಧ ತಾಸಿನ ಅಭ್ಯಾಸ ನೋಡಿಕೊಳ್ಳುತ್ತವೆ.