ಬಣ್ಣದ ಕೆಳಗಿನ ಬೂಷ್ಟು

ಹೊಳೆ ಬಂದು ಇಳಿದ ಮೇಲೆ ನಮ್ಮ ಕಡೆ ಎಲ್ಲರಿಗಿಂತ ಮೊದಲು ಕೈತುಂಬ ಕೆಲಸ ಸಿಗುವುದು ಪೇಂಟರನಿಗೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಓಣಿಗಳಿಗೆ ನುಗ್ಗಿತು. 2021ರ ಜುಲೈನಲ್ಲಿ ಮತ್ತೆ ಬಂತು. ಎರಡು ಸಲವೂ ಕಲ್ಲೋಳಿಯಿಂದ ಹೋದ ನಾನು ಕಂಡದ್ದು ಒಂದೇ ಆಟ. ನೀರು ಕುಡಿದ ಗೋಡೆ ಒಣಗುವ ಮೊದಲೇ ಅದಕ್ಕೆ ಬಣ್ಣ, ಬಾಗಿಲಿಗೆ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು. ಇದನ್ನು ರಿಪೇರಿ ಎನ್ನುತ್ತಾರೆ. ನಾನು ವಂಚನೆ ಎನ್ನುತ್ತೇನೆ.

2019ರ ದೀಪಾವಳಿ ಹೊತ್ತಿಗೆ ನನ್ನ ತಂಗಿಯ ಸಂಸಾರ ಅಂಥದೊಂದು ಮನೆ ಹಿಡಿಯಿತು. ಎರಡು ತಿಂಗಳಲ್ಲಿ ಕಪಾಟಿನ ಹಿಂದೆ ಕರಿ ಚುಕ್ಕೆ, ಹಾಸಿಗೆಗೆ ಮುಗ್ಗಲು ವಾಸನೆ, ಸಣ್ಣ ಹುಡುಗನಿಗೆ ರಾತ್ರಿಯೆಲ್ಲ ಕೆಮ್ಮು. ಮಾಲಕರಿಗೆ ಹೇಳಿದರೆ, “ನೀವು ಅರಬಿ ಒಳಗ ಒಣಾ ಹಾಕ್ತೀರಿ, ಕಿಡಕಿ ತಗಿಯೂದಿಲ್ಲ. ಬೂಷ್ಟ ಬರಲಾರದ ಏನ ಮಾಡತೈತಿ? ಬೇಕಾದ್ರ ಮ್ಯಾಲ ಒಂದ ಕೋಟ ಬಣ್ಣ ಹೊಡಸ್ಕೋರಿ” ಎಂದರು. ಅದೂ ಬಾಡಿಗೆದಾರರ ಖರ್ಚಿನಲ್ಲಿ!

ಒಳಗೆ ಅರಿವೆ ಒಣಗಿಸಿದರೆ ಗಾಳಿಯಲ್ಲಿ ತೇವ ಹೆಚ್ಚುವುದು ನಿಜ. ಆದರೆ ನೆಲದಿಂದ ಮೇಲಕ್ಕೆ, ನೀರು ನಿಂತ ಗೆರೆಯುದ್ದಕ್ಕೂ ಹಬ್ಬುವ ಬೂಷ್ಟು ಅರಿವೆಯಿಂದ ಬಂದದ್ದೆಂದು ಹೇಗೆ ನಂಬುವುದು? ಬತ್ತಿ ಎಣ್ಣೆ ಎಳೆದಂತೆ ಇಟ್ಟಿಗೆ, ಮಣ್ಣು, ಗಿಲಾವು ನೀರನ್ನು ಎಳೆಯುತ್ತವೆ. ಮೊಳಕಾಲಮಟ ನಿಂತ ನೀರಿನ ಹಸಿ ಸೊಂಟದವರೆಗೂ ಏರಬಹುದು. ಅದು ಆರಲು ತಿಂಗಳುಗಳೇ ಬೇಕಾಗುತ್ತವೆ. ಮೇಲೆ ಆಯಿಲ್ ಪೇಂಟ್ ಬಳಿದರೆ ಹಸಿ ಒಳಗೇ ಉಳಿದು, ಬಣ್ಣ ಹಪ್ಪಳದಂತೆ ಉಬ್ಬಿ, ಬೂಷ್ಟು ಮತ್ತೆ ಹೊರಬೀಳುತ್ತದೆ. ಕೆಟ್ಟ ಗಿಲಾವು ಕೆತ್ತಬೇಕು, ಗೋಡೆಯನ್ನು ಗಾಳಿಗೆ ಬಿಡಬೇಕು, ಆರಿದ ಮೇಲೆ ಸುಣ್ಣ ಹಚ್ಚಬೇಕು. ಸುಣ್ಣ ಹಸಿಯನ್ನು ಹೊರಗೆ ಬಿಡುತ್ತದೆ; ಅದರ ಕ್ಷಾರ ಬೂಷ್ಟನ್ನು ತಡೆಯುತ್ತದೆ.

ಇದು ಬರೀ ಅಂದಚೆಂದದ ಮಾತೂ ಅಲ್ಲ. ತೇವ, ಬೂಷ್ಟು ಇರುವ ಮನೆಯಲ್ಲಿ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿದ್ದ ಎರಡು ವರ್ಷದ ಕೂಸು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಬೂಷ್ಟೇ ಕಾರಣವೆಂದು 2022ರಲ್ಲಿ ವಿಚಾರಣೆ ತೀರ್ಮಾನಿಸಿತು. ಆ ತಂದೆಗೂ ಮೊದಲು ಸಿಕ್ಕ ಸಲಹೆ ‘ಮೇಲೆ ಬಣ್ಣ ಬಳಿಯಿರಿ’ ಎಂಬುದೇ. ಸಾರ್ವಜನಿಕ ವಸತಿ ಮನೆಗಳ ಮಾಲಕರು ಬೂಷ್ಟಿನ ದೂರನ್ನು ಗಡುವಿನೊಳಗೆ ಬಗೆಹರಿಸಬೇಕೆಂದು 2023ರಲ್ಲಿ ಅಲ್ಲಿ ಕಾನೂನೇ ಬಂತು. ಅದನ್ನು ಜನ ಆ ಕೂಸಿನ ಹೆಸರಿನಿಂದಲೇ ಕರೆಯುತ್ತಾರೆ.

ಮಾಲಕರ ಕಷ್ಟವೂ ನನಗೆ ಗೊತ್ತು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಸಿ ಹಿಡಿದು ನಿಂತೇ ಇರುವ ಗೋಡೆಯ ನಷ್ಟ ಪಂಚನಾಮೆ ಬರೆಯುವವರ ಕಣ್ಣಿಗೆ ಸುಲಭವಾಗಿ ಬೀಳದು. ಹಾಗೆಂದು ಆ ನಷ್ಟವನ್ನು ಬಾಡಿಗೆದಾರನ ಕೂಸಿನ ಎದೆಗೂಡಿಗೆ ದಾಟಿಸುವುದು ಯಾವ ನ್ಯಾಯ?

ನಮ್ಮಲ್ಲಿಯೂ ಕಾನೂನು ಮೂಕವಾಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ಬರೆದಿರದಿದ್ದರೆ, ತನಗೆ ಗೊತ್ತಿದ್ದು ಬಾಡಿಗೆದಾರನ ಕಣ್ಣಿಗೆ ಬೀಳದ ದೊಡ್ಡ ದೋಷವನ್ನು ಮಾಲಕ ತಿಳಿಸಲೇಬೇಕು. ಬಣ್ಣದ ಕೆಳಗೆ ಬಚ್ಚಿಟ್ಟ ಹಸಿಗೋಡೆ ದೋಷವಲ್ಲದೆ ಮತ್ತೇನು?

ಆದ್ದರಿಂದ ಹೊಳೆದಂಡೆಯ ಊರುಗಳಲ್ಲಿ ಮನೆ ಹಿಡಿಯುವವರು ನೀರು ಎಲ್ಲಿಯವರೆಗೆ ನಿಂತಿತ್ತೆಂದು ನೆರೆಹೊರೆಯವರನ್ನು ಕೇಳಿರಿ, ಕಪಾಟು ಸರಿಸಿ ಗೋಡೆಗೆ ಕೈ ಹಚ್ಚಿ ನೋಡಿರಿ. ಹಸಿಯ ರಿಪೇರಿ ಮಾಲಕರದೆಂದು ಕರಾರುಪತ್ರದಲ್ಲಿ ಬರೆಸಿರಿ. ಮಾಲಕರೆ, ನೀವು ಅದಕ್ಕೆ ಸಹಿ ಹಾಕಿರಿ. ಅಷ್ಟಾಗದಿದ್ದರೆ ಗೋಡೆ ಆರುವತನಕ ಮನೆಗೆ ಬೀಗ ಹಾಕಿರಿ.