ಕಾರ್ಡಿನ ವೇಗವೂ ಗೃಹಸ್ಥನ ತಾಳ್ಮೆಯೂ

ಸಿದ್ದಾಪುರದ ಕಡೆಯ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿರುವರು. ಮಳೆಗಾಲದಲ್ಲಿ ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮನೆಯ ಜಗುಲಿಗಳ ಮೇಲೆ ತಾಳಮದ್ದಲೆಗಳು ನಡೆಯುವುದು ಎಲ್ಲರೂ ಬಲ್ಲ ವಿಷಯವೇ. ಈ ಮಹನೀಯರು ತಮ್ಮ ಮನೆಯಲ್ಲಿ ನಡೆದ ಅಂಥದೊಂದು ಪ್ರಸಂಗವನ್ನು ಆದ್ಯಂತವಾಗಿ ಕ್ಯಾಮರಾದಲ್ಲಿ ತುಂಬಿಕೊಂಡರು. ಬಳಿಕ ಮೆಮೊರಿ ಕಾರ್ಡನ್ನು ತೆಗೆದು ಮನೆಯ ಹಳೆಯ ರೀಡರಿನ ಮೂಲಕ ಕಂಪ್ಯೂಟರಿಗೆ ಇಳಿಸತೊಡಗಿದಾಗ ಬಹಳ ಹೊತ್ತು ಹಿಡಿಯಿತಂತೆ. ಶಿರಸಿಯಲ್ಲಿರುವ ಅಳಿಯನ ಮನೆಯಲ್ಲಿ ಅದೇ ಕೆಲಸವು ಕಾಲುಭಾಗದ ಹೊತ್ತಿನಲ್ಲಿ ಮುಗಿಯಿತಂತೆ. "ಕಾರ್ಡು ಒಂದೇ ಆಗಿರಲು ವೇಗವು ಎರಡಾದುದೇಕೆ?" ಎಂಬುದು ಅವರ ಪ್ರಶ್ನೆ.

ಪ್ರಶ್ನೆಯು ಉಚಿತವಾದುದೇ. ಇದಕ್ಕೆ ಉತ್ತರವು ನಮ್ಮ ತೋಟಗಳಲ್ಲಿಯೇ ಇರುವುದು. ಗುಡ್ಡದ ಅಬ್ಬಿಯ ನೀರನ್ನು ಹಿಂದಿನವರು ಅಡಿಕೆಮರದ ದಬ್ಬೆಗಳನ್ನು ಜೋಡಿಸಿ ಅಂಗಳಕ್ಕೆ ತರುತ್ತಿದ್ದರು. ಈಗ ಕೊಳವೆಗಳು ಬಂದಿವೆ. ಒರತೆಯು ಎಷ್ಟೇ ದೊಡ್ಡದಾಗಿರಲಿ, ಹತ್ತು ಕೊಳವೆಗಳಲ್ಲಿ ಒಂದು ಕಿರಿದಾಗಿದ್ದರೆ ಅಂಗಳದ ಹಂಡೆಗೆ ಬೀಳುವುದು ಆ ಕಿರಿದಾದ ಕೊಳವೆಯು ಬಿಟ್ಟಷ್ಟೇ ನೀರು. ಕಾರ್ಡು, ರೀಡರು, ತಂತಿ, ಕಂಪ್ಯೂಟರಿನ ಕಿಂಡಿ, ಒಳಗಿನ ಉಗ್ರಾಣ ಎಂಬ ಐದೂ ಒಂದೇ ಸಾಲಿನ ಕೊಳವೆಗಳು. ಇವುಗಳಲ್ಲಿ ಯಾವುದು ಮಂದವೋ ಅದರ ವೇಗವೇ ಒಟ್ಟಿನ ವೇಗವು.

ಮೊದಲು ಕಾರ್ಡಿನ ಮುಖವನ್ನು ಓದುವುದನ್ನು ಕಲಿಯತಕ್ಕದ್ದು. ದೊಡ್ಡದಾಗಿ ಅಚ್ಚಾಗಿರುವ 100 ಮುಂತಾದ ಅಂಕೆಯು ಬಹುಮಟ್ಟಿಗೆ ಕಾರ್ಡಿನಿಂದ ಓದುವ ಪರಮಾವಧಿ ವೇಗವು. ಅದರೊಳಕ್ಕೆ ಬರೆಯುವ ವೇಗವಲ್ಲ. ಬರೆಯುವ ವೇಗದ ಭರವಸೆಯು ಚಿಕ್ಕ ಗುರುತುಗಳಲ್ಲಿ ಅಡಗಿರುವುದು. ಸಿ ಅಕ್ಷರದೊಳಗೆ 10 ಎಂದಿದ್ದರೆ ಸೆಕೆಂಡಿಗೆ ಕಡಿಮೆಯೆಂದರೂ 10 ಮೆಗಾಬೈಟು. ಯು ಅಕ್ಷರದೊಳಗೆ 1 ಎಂದಿದ್ದರೂ ಅಷ್ಟೇ. 3 ಎಂದಿದ್ದರೆ 30 ಮೆಗಾಬೈಟು. ವಿ 30, ವಿ 60, ವಿ 90 ಎಂಬವುಗಳ ಅರ್ಥವು ಆಯಾ ಅಂಕೆಯಲ್ಲಿಯೇ ಇದೆ. ಇದಲ್ಲದೆ ರೋಮನ್ ಲಿಪಿಯ ಒಂದು ಅಥವಾ ಎರಡು ಎಂಬ ಗುರುತಿರುವುದು. ಒಂದು ಇದ್ದರೆ ಆ ದಾರಿಯ ಮಿತಿಯು ಸೆಕೆಂಡಿಗೆ 104 ಮೆಗಾಬೈಟು. ಎರಡು ಇದ್ದರೆ 312. ಎರಡನೆಯ ಜಾತಿಯ ಕಾರ್ಡಿನ ಬೆನ್ನಿನಲ್ಲಿ ಲೋಹದ ಸ್ಪರ್ಶಗಳು ಎರಡು ಸಾಲಾಗಿರುವುವು. ರೀಡರಿನಲ್ಲಿ ಒಂದೇ ಸಾಲಿದ್ದರೆ ಈ ಬೆಲೆಬಾಳುವ ಕಾರ್ಡೂ ಮೊದಲನೆಯ ಜಾತಿಯಂತೆಯೇ ನಡೆಯುವುದು. ಮೊದಲ ಜಾತಿಯ ಕೆಲವು ಕಾರ್ಡುಗಳ ಮೇಲೆ 170, 200 ಎಂದು ಅಚ್ಚಾಗಿರುವುದೂ ಉಂಟು. ತಯಾರಕರು ಸೂಚಿಸಿದ ವಿಶೇಷ ರೀಡರು ಇಲ್ಲದಿದ್ದರೆ ಆ ಅಂಕೆಯು ಕಾಗದದ ಮೇಲಿನ ಬೆಲ್ಲವೇ ಸರಿ.

ಇನ್ನು ಕಿಂಡಿಯ ಮಾತು. 2000ದಲ್ಲಿ ಬಂದ ಯು.ಎಸ್.ಬಿ. 2.0 ಎಂಬ ಪದ್ಧತಿಯ ವೇಗವು ಸೆಕೆಂಡಿಗೆ 480 ಮೆಗಾಬಿಟ್ ಎಂದು ಹೇಳುವರು. ಎಂಟು ಬಿಟ್ಟುಗಳಿಗೆ ಒಂದು ಬೈಟು. ಆದುದರಿಂದ 480ನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು 60 ಮೆಗಾಬೈಟು. ವ್ಯವಹಾರದಲ್ಲಿ ಕೈಗೆ ಸಿಕ್ಕುವುದು 30ರಿಂದ 40 ಮಾತ್ರ. ಈ ಭಾಗಾಕಾರವನ್ನು ಮಾಡದೆ ಅಂಗಡಿಯಲ್ಲಿ ಮೋಸಹೋದವರು ಬಹಳ ಮಂದಿ. 2008ರಲ್ಲಿ ಬಂದ 3.0 ಪದ್ಧತಿಯು 5 ಗಿಗಾಬಿಟ್ಟಿನದು. ಅದರ ಮುಂದೆ ಸಾಧಾರಣ ಕಾರ್ಡೇ ಮಂದವಾಗುವುದು. ಇಂಥ ಕಿಂಡಿಯೊಳಗಿನ ನಾಲಗೆಯು ಹಲವು ಯಂತ್ರಗಳಲ್ಲಿ ನೀಲಿ ಬಣ್ಣದ್ದಾಗಿರುವುದು.

ಇಷ್ಟನ್ನು ಪುಸ್ತಕದ ಮಾತೆಂದು ಬಿಡಲು ಮನಸ್ಸಾಗದೆ ನಾನೇ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕುಳಿತೆನು. ಕಾರ್ಡು ರೋಮನ್ ಒಂದರದು; ಅದರಲ್ಲಿದ್ದುದು 24 ಗಿಗಾಬೈಟಿನಷ್ಟು ತಾಳಮದ್ದಲೆ. ಕ್ಯಾಮರಾವನ್ನೇ ಅದರ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿದಾಗ ಹಿಡಿದ ಕಾಲವು 20 ನಿಮಿಷ. ಹಳೆಯ ರೀಡರಿನಲ್ಲಿ 16 ನಿಮಿಷ. ಹೊಸ ರೀಡರನ್ನು ಹಳೆಯ ಕಿಂಡಿಗೆ ಹಾಕಿದಾಗ 12 ನಿಮಿಷ. ಅದೇ ಹೊಸ ರೀಡರನ್ನು ನೀಲಿ ಕಿಂಡಿಗೆ ಹಾಕಿದಾಗ 5 ನಿಮಿಷ. ಕಾರ್ಡು ಒಂದೇ, ರೀಡರೂ ಒಂದೇ. ಕಿಂಡಿಯು ಬದಲಾದ ಮಾತ್ರಕ್ಕೆ ಕಾಲವು ಅರ್ಧಕ್ಕಿಂತ ಕಡಿಮೆಯಾಯಿತು. ಹೊಸ ಕಾರ್ಡನ್ನು ಕೊಳ್ಳುವ ಮೊದಲು ಕಿಂಡಿಯನ್ನು ನೋಡಿರೆಂದು ಹೇಳುವುದು ಇದಕ್ಕಾಗಿಯೇ.

ಬಳಿಕ ಅದನ್ನೇ ಭಾಗವತರಿಗೆ ಕೊಡುವುದಕ್ಕಾಗಿ ಅಗ್ಗದ ಪೆನ್‌ಡ್ರೈವೊಂದಕ್ಕೆ ತುಂಬಿದೆನು. ಅದಕ್ಕೆ 50 ನಿಮಿಷಗಳು ಬೇಕಾದುವು. ಅಂದರೆ ಸೆಕೆಂಡಿಗೆ 8 ಮೆಗಾಬೈಟು. ಇಂಥ ವಸ್ತುಗಳಿಂದ ಓದುವುದು ಸುಲಭ, ಅವುಗಳಲ್ಲಿ ಬರೆಯುವುದು ಕಷ್ಟ. ಇನ್ನೊಂದು ವಿಷಯವನ್ನೂ ಕಂಡೆನು. ಸಾವಿರಾರು ಚಿಕ್ಕ ಚಿತ್ರಗಳನ್ನು ಸಾಗಿಸುವುದಕ್ಕೆ ಅಷ್ಟೇ ತೂಕದ ಒಂದು ದೊಡ್ಡ ಕಡತಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದು. ಅಡಿಕೆಯ ಮೂಟೆಯನ್ನು ಒಮ್ಮೆಗೇ ಹೊರುವುದು ಬೇರೆ, ಒಂದೊಂದು ಅಡಿಕೆಯನ್ನೂ ಹೆಸರು ಬರೆದು ಒಪ್ಪಿಸುವುದು ಬೇರೆ.

"ಐದು ನಿಮಿಷವಾದರೇನು, ಐವತ್ತಾದರೇನು? ಈ ಲೆಕ್ಕದಿಂದ ಗೃಹಸ್ಥನಿಗೇನು ಲಾಭ?" ಎಂದು ಕೇಳುವವರು ಇರಬಹುದು. ಅವರಿಗೆ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ.

ನನ್ನ ಅಕ್ಕನು ಮದುವೆಯ ಮನೆಗಳಲ್ಲಿ ಹಾಡುತ್ತಿದ್ದವಳು. ಎಣ್ಣೆ ಹಚ್ಚುವಾಗಿನ ಹಾಡು, ಹಸೆಗೆ ಕರೆಯುವ ಹಾಡು, ಹೆಣ್ಣು ಒಪ್ಪಿಸುವ ಹಾಡು ಎಲ್ಲವೂ ಆಕೆಗೆ ಬಾಯಿಪಾಠವಾಗಿದ್ದುವು. ಕಾಗದದ ಮೇಲೆ ಒಂದೂ ಇರಲಿಲ್ಲ. ಒಂದು ಮಧ್ಯಾಹ್ನ ಆಕೆಯನ್ನು ಕುಳ್ಳಿರಿಸಿ 20 ಹಾಡುಗಳನ್ನು ಕ್ಯಾಮರಾದಲ್ಲಿ ತುಂಬಿಕೊಂಡೆನು. ಒಟ್ಟು 2 ಗಿಗಾಬೈಟು. ಕಾರ್ಡಿನಿಂದ ಪೆನ್‌ಡ್ರೈವಿಗೆ ಪ್ರತಿ ಮಾಡಲು ಹಚ್ಚಿದೆನು. ಅರ್ಧ ನಿಮಿಷದಲ್ಲಿಯೇ ಕೆಲಸವು ಮುಗಿಯಿತೆಂದು ಯಂತ್ರವು ತೋರಿಸಿತು. ನಾನು ಸಂತೋಷದಿಂದ ಪೆನ್‌ಡ್ರೈವನ್ನು ಕಿತ್ತೆನು, ಕಾರ್ಡನ್ನು ಅಳಿಸಿದೆನು, ಮರುದಿನ ಅದೇ ಕಾರ್ಡಿನ ಮೇಲೆ ಬೇರೊಂದು ಮನೆಯ ತಾಳಮದ್ದಲೆಯನ್ನು ತುಂಬಿದೆನು. ಕೆಲವು ತಿಂಗಳುಗಳ ಬಳಿಕ ಅಕ್ಕನು ತೀರಿಕೊಂಡಳು. ಆಕೆಯ ಮಕ್ಕಳು ಹಾಡುಗಳನ್ನು ಕೇಳಿದಾಗ ತೆರೆದು ನೋಡಿದರೆ ಹೆಸರುಗಳು ಇಪ್ಪತ್ತೂ ಇದ್ದುವು. ದನಿಯು ಇದ್ದುದು ಮೊದಲಿನ ಎರಡರಲ್ಲಿ ಮಾತ್ರ.

ನಡೆದುದೇನೆಂದರೆ, ಕಂಪ್ಯೂಟರು ಕಾರ್ಡಿನಿಂದ ಓದಿದುದನ್ನು ತನ್ನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡು ಮುಗಿಯಿತೆಂದು ಹೇಳಿತ್ತು. ಪೆನ್‌ಡ್ರೈವಿಗೆ ಬರೆಯುವುದು ಆಗತಾನೆ ಮೊದಲಾಗಿತ್ತು. ಕೆಲವು ಯಂತ್ರಗಳ ಸ್ವಭಾವವೇ ಹಾಗೆ. ಸೆಕೆಂಡಿಗೆ 8 ಮೆಗಾಬೈಟು ಬರೆಯುವ ವಸ್ತುವಿಗೆ 2 ಗಿಗಾಬೈಟನ್ನು ಬರೆಯಲು ನಾಲ್ಕು ನಿಮಿಷಕ್ಕೆ ಮಿಕ್ಕಿದ ಕಾಲವು ಬೇಕು. ಈ ಲೆಕ್ಕವು ಅಂದು ನನಗೆ ತಿಳಿದಿದ್ದರೆ "ಅರ್ಧ ನಿಮಿಷದಲ್ಲಿ ಮುಗಿಯಲು ಸಾಧ್ಯವಿಲ್ಲ" ಎಂದು ಸಂಶಯಪಡುತ್ತಿದ್ದೆನು. ಇನ್ನು ನಾಲ್ಕು ನಿಮಿಷ ಸುಮ್ಮನೆ ಕುಳಿತಿದ್ದರೆ ಹದಿನೆಂಟು ಹಾಡುಗಳು ಉಳಿಯುತ್ತಿದ್ದುವು. ವೇಗವನ್ನು ಅಳೆಯುವುದು ಆತುರಪಡುವುದಕ್ಕಾಗಿ ಅಲ್ಲ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಅರಿಯುವುದಕ್ಕಾಗಿ.

ಆದುದರಿಂದ ವಾಚಕರು ಈ ಕೆಲವು ನಿಯಮಗಳನ್ನು ಪಾಲಿಸುವುದು ಒಳ್ಳೆಯದು. ನಿಮ್ಮ ಮನೆಯ ರೀಡರು, ಕಿಂಡಿ, ಪೆನ್‌ಡ್ರೈವುಗಳಿಗೆ ಹಿಡಿಯುವ ಕಾಲವನ್ನು ಒಮ್ಮೆ ಅಳೆದು ಪಂಚಾಂಗದ ಹಾಳೆಯ ಮೇಲೆಯೇ ಬರೆದಿಡಿರಿ. ಅದಕ್ಕಿಂತ ತೀರ ಬೇಗನೆ ಮುಗಿದರೆ ನಂಬಬೇಡಿರಿ. ಕೀಳುವ ಮೊದಲು ಕಂಪ್ಯೂಟರಿನ ಅಪ್ಪಣೆಯನ್ನು ಕೇಳುವ ಕ್ರಮವಿದೆ, ಅದನ್ನು ಬಿಡಬೇಡಿರಿ. ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ತು ಯಾವ ಕ್ಷಣದಲ್ಲಿ ಹೋಗುವುದೆಂದು ಹೇಳಲಾಗದು. ಬ್ಯಾಟರಿಯುಳ್ಳ ಲ್ಯಾಪ್‌ಟಾಪಿನಲ್ಲಿ ಈ ಕೆಲಸವನ್ನು ಮಾಡುವುದು ಕ್ಷೇಮ. ಕಾರ್ಡಿನಿಂದ ಕತ್ತರಿಸಿ ಸಾಗಿಸದೆ ಪ್ರತಿಯನ್ನೇ ಮಾಡಿರಿ. ಹಿಂದೆ ಓಲೆಗರಿಯ ಗ್ರಂಥವನ್ನು ಪ್ರತಿ ಮಾಡಿದ ಮೇಲೆ ಒಬ್ಬನು ಮೂಲವನ್ನು ಓದುತ್ತಿರಲು ಇನ್ನೊಬ್ಬನು ಪ್ರತಿಯನ್ನು ನೋಡಿ ತಿದ್ದುವ ಶೋಧನಕ್ರಮವಿತ್ತು. ನಾವೂ ಪ್ರತಿಯ ಗಾತ್ರವನ್ನು ಮೂಲದೊಡನೆ ತಾಳೆ ನೋಡಿ, ಕಡೆಯ ಕಡತವನ್ನು ಕಡೆಯವರೆಗೆ ಕೇಳಿ, ಎರಡು ಪ್ರತಿಗಳಾದ ಮೇಲೆಯೇ ಕಾರ್ಡನ್ನು ಅಳಿಸತಕ್ಕದ್ದು. ಒಂದು ಪ್ರತಿಯು ಬೇರೆ ಊರಿನ ನಂಟರ ಮನೆಯಲ್ಲಿದ್ದರೆ ಇನ್ನೂ ಲೇಸು. ಕೈತಪ್ಪಿ ಅಳಿಸಿದ್ದಾದರೆ ಆ ಕಾರ್ಡಿನ ಮೇಲೆ ಮತ್ತೇನನ್ನೂ ತುಂಬದೆ ತೆಗೆದಿಡಿರಿ. ಬಹುಶಃ ಅಳಿದುದು ಸೂಚಿಯು ಮಾತ್ರ. ಮೇಲೆ ಬರೆಯದಿರುವ ತನಕ ತಿಳಿದವರು ಅದನ್ನು ಮರಳಿ ತೆಗೆಯಬಲ್ಲರು. ನಾನು ಆ ಒಂದು ಅವಕಾಶವನ್ನೂ ಮರುದಿನವೇ ಕಳೆದುಕೊಂಡಿದ್ದೆನು.

ಸಿದ್ದಾಪುರದ ಮಹನೀಯರೇ, ನಿಮ್ಮ ಹಳೆಯ ರೀಡರು ಮಂದವಾದುದು ನಿಜ. ಹೊಸದನ್ನು ಕೊಳ್ಳಿರಿ, ಅದಕ್ಕೆ ತಕ್ಕ ಕಿಂಡಿಯನ್ನೂ ನೋಡಿರಿ. ಆದರೆ ಹಳೆಯದರಲ್ಲಿ ಹೆಚ್ಚು ಹೊತ್ತು ಹಿಡಿದು ಇಳಿದ ತಾಳಮದ್ದಲೆಯು ಪೂರ್ಣವಾಗಿ ಇಳಿದಿದ್ದರೆ ಆ ಹೊತ್ತು ವ್ಯರ್ಥವಾಯಿತೆಂದು ಮರುಗಬೇಡಿರಿ. ಉಳಿದಿರುವ ಎರಡು ಹಾಡುಗಳ ಮೂರು ಪ್ರತಿಗಳು ಈಗ ಮೂರು ಮನೆಗಳಲ್ಲಿವೆ.