ರಾಷ್ಟ್ರದ ಯೋಗಕ್ಷೇಮ: ಅಳೆಯುವುದು ಹೇಗೆ?

ಒಂದು ವರ್ಷದಲ್ಲಿ ದೇಶದಲ್ಲಿ ಉತ್ಪಾದನೆಯಾದ ಸರಕು, ಸೇವೆಗಳ ಬೆಲೆಯನ್ನು ಕೂಡಿಸಿ, ಬಂದ ಮೊತ್ತ ಹಿಂದಿನ ವರ್ಷದ್ದಕ್ಕಿಂತ ಹೆಚ್ಚಾಗಿದ್ದರೆ ದೇಶವು ಮುಂದುವರಿಯಿತೆಂದು ಸಾರುವುದು ವಾಡಿಕೆಯಾಗಿಬಿಟ್ಟಿದೆ. ಈ ಲೆಕ್ಕವನ್ನು ರೂಪಿಸಿದವರಲ್ಲಿ ಪ್ರಮುಖನಾದ ಸೈಮನ್ ಕುಜ್ನೆಟ್ಸ್ 1934ರಲ್ಲಿ ಅಮೆರಿಕದ ಸೆನೆಟ್ಟಿಗೆ ಸಲ್ಲಿಸಿದ ವರದಿಯಲ್ಲಿಯೇ, ಜನರ ಕ್ಷೇಮವನ್ನು ರಾಷ್ಟ್ರೀಯ ಆದಾಯದಿಂದ ನಿರ್ಣಯಿಸಲಾಗದೆಂದು ಎಚ್ಚರಿಸಿದ್ದನು. ಲೋಕವು ಎಚ್ಚರಿಕೆಯನ್ನು ಮರೆತು ಅಂಕಿಯನ್ನು ಮಾತ್ರ ಹಿಡಿದುಕೊಂಡಿತು.

ದೃಷ್ಟಾಂತಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಎಣ್ಮಕಜೆ, ಪಡ್ರೆಯ ಗುಡ್ಡಗಳ ಗೇರುತೋಪುಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗೇರುಬೀಜದ ಗಳಿಕೆ ರಾಷ್ಟ್ರೀಯ ಉತ್ಪನ್ನಕ್ಕೆ ಸೇರಿತು. ಕೀಟನಾಶಕ ತಯಾರಿಸಿದವರ ಗಳಿಕೆಯೂ ಸೇರಿತು. ಬಳಿಕ ಬಡ ತಂದೆತಾಯಂದಿರು ಸಾಲಮಾಡಿ ಆಸ್ಪತ್ರೆಗೆ ತೆತ್ತ ಹಣವೂ ಅದೇ ಮೊತ್ತಕ್ಕೆ ಸೇರಿತು! ಹಾಸಿಗೆಯಿಂದೇಳಲಾಗದ ಮಗುವನ್ನೂ, ಅದರ ಆರೈಕೆಗಾಗಿ ಕೂಲಿ ಬಿಟ್ಟು ಮನೆಯಲ್ಲುಳಿದ ತಾಯಿಯ ದುಡಿಮೆಯನ್ನೂ ಯಾವ ಕಲಮಿನಲ್ಲಿ ಬರೆಯುವುದು? ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಈ ವಿಷವನ್ನು ದೇಶಾದ್ಯಂತ ತಡೆಹಿಡಿಯಿತು. 2017ರ ಜನವರಿಯಲ್ಲಿ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ನೀಡಬೇಕೆಂದು ಆದೇಶಿಸಿತು. ನಷ್ಟಕ್ಕೊಂದು ಅಂಕಿ ದೊರೆಯಲು ಇಷ್ಟು ಕಾಲ ಬೇಕಾಯಿತು.

ನೀರಿನ ವಿಷಯವೂ ಹೀಗೆಯೇ. ಅಜ್ಜಂದಿರು ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ತೆಗೆದ ಸುರಂಗದ ನೀರಿಗೆ ಕ್ರಯವಿಲ್ಲವಾದುದರಿಂದ ದೇಶದ ಲೆಕ್ಕದಲ್ಲಿ ಅದಕ್ಕೆ ಸ್ಥಾನವಿಲ್ಲ. ಕೊಳವೆಬಾವಿ ಕೊರೆಸಿದರೆ ಮಾತ್ರ ಉತ್ಪನ್ನ ಏರುತ್ತದೆ. ಅದರಿಂದ ನೆರೆಯವನ ಸುರಂಗ ಬತ್ತಿದರೆ ಅವನೂ ಕೊರೆಸಬೇಕು. ಉತ್ಪನ್ನ ಮತ್ತೂ ಏರುತ್ತದೆ!

1990ರಲ್ಲಿ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನರ ನೆರವಿನೊಂದಿಗೆ ವಿಶ್ವಸಂಸ್ಥೆಯ ಮೂಲಕ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ತಂದು, ಆದಾಯದೊಂದಿಗೆ ಆಯುಸ್ಸನ್ನೂ ವಿದ್ಯೆಯನ್ನೂ ಪರಿಗಣಿಸಿದರು. ಇದರಿಂದ ಕೇರಳಕ್ಕೆ ಸಲ್ಲಬೇಕಾದ ಗೌರವ ಸಂದಿತು, ಸಂತೋಷ. ಆದರೂ ಶಾಲೆಯಲ್ಲಿ ಕಳೆದ ವರ್ಷಗಳನ್ನು ಎಣಿಸುವ ಆ ಸೂಚ್ಯಂಕ, ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರು ಬಂದಾಗ ಮಗುವಿಗೆ ಪಾಠ ತಿಳಿಯಿತೇ ಎಂಬುದನ್ನು ಎಣಿಸುವುದಿಲ್ಲ. ಸರಾಸರಿಯು ಗಡಿಯವರ ಪಾಲಿಗೆ ಯಾವಾಗಲೂ ತುಸು ಕುರುಡೇ.

ಪಾರ್ಥ ದಾಸ್‌ಗುಪ್ತ ಅವರ ಅಧ್ಯಕ್ಷತೆಯ ತಜ್ಞರ ತಂಡವು 2013ರಲ್ಲಿ ಭಾರತ ಸರಕಾರಕ್ಕೆ ನೀಡಿದ ವರದಿಯ ದಾರಿಯೇ ನನಗೆ ಹೆಚ್ಚು ಒಪ್ಪಿತ. ವರ್ಷದ ಗಳಿಕೆಯನ್ನಷ್ಟೇ ನೋಡದೆ ಕಾಡು, ಮಣ್ಣು, ನೀರು, ಜನರ ಆರೋಗ್ಯ, ವಿದ್ಯೆ ಇವೆಲ್ಲ ಸೇರಿದ ಸಂಪತ್ತು ಬೆಳೆಯಿತೇ ಕರಗಿತೇ ಎಂದು ನೋಡಬೇಕೆಂಬುದು ಅದರ ತಿರುಳು. ಅಸಲನ್ನು ಕರಗಿಸಿ ಉಣ್ಣುವ ಮನೆಯನ್ನು ನಮ್ಮೂರಿನಲ್ಲಿ ಯಾರೂ ಸಿರಿವಂತರ ಮನೆ ಎನ್ನುವುದಿಲ್ಲವಷ್ಟೆ.

ದೆಹಲಿಯ ಲೆಕ್ಕ ಬದಲಾಗುವವರೆಗೆ ಕಾಯಬೇಕಾದುದಿಲ್ಲ. ಪ್ರತಿವರ್ಷ ಬೇಸಗೆ ರಜೆಗೆ ಮುನ್ನ ನಮ್ಮ ಏಳನೆಯ ತರಗತಿಯ ಮಕ್ಕಳು ತಮ್ಮ ತಮ್ಮ ಮನೆಯ ಸುರಂಗ, ಬಾವಿಗಳ ನೀರನ್ನು ಅಳೆದು ಶಾಲೆಯ ಒಂದು ಪುಸ್ತಕದಲ್ಲಿ ಬರೆದಿಡಲಿ. ಪುಸ್ತಕದ ಖರ್ಚನ್ನು ಹಳೆವಿದ್ಯಾರ್ಥಿ ಸಂಘವು ವಹಿಸಿಕೊಳ್ಳಬಹುದು.